ಬೇಡಿಕೆಯೇ ಇಲ್ಲ ಅನ್ನುವ ಕಡೆ ಲೀಡ್ ಹುಟ್ಟಿಸುವುದು ಹೇಗೆ?

ಗಾಳಿಕೆಲಸ:

ಎಲ್ಲರಿಗೂ ನಮಸ್ಕಾರ. ನಮ್ಮದು ಚಿಕ್ಕ ತಂಡ. ಕಾರ್ಖಾನೆಗಳಲ್ಲಿ ಯಂತ್ರಗಳಿಗೆ ಒತ್ತಡದ ಗಾಳಿ ಸಾಗಿಸುವ ಪೈಪು, ಅಂದರೆ ಕಂಪ್ರೆಸ್ಡ್ ಏರ್ ಲೈನ್‌ನಲ್ಲಿ ಗಾಳಿ ಎಲ್ಲೆಲ್ಲಿ ಸೋರುತ್ತಿದೆ ಅಂತ ಅಲ್ಟ್ರಾಸೌಂಡ್ ಯಂತ್ರದಿಂದ ಪತ್ತೆ ಹಚ್ಚಿ ಸರಿ ಮಾಡಿಕೊಡುತ್ತೇವೆ. ಕೆಲಸ ಚೆನ್ನಾಗಿ ಗೊತ್ತು. ಮಾರುವುದೇ ಕಷ್ಟವಾಗಿದೆ.

ಕಾರ್ಖಾನೆಗಳ ಒಂದು ಪಟ್ಟಿ ಕೊಂಡಿದ್ದೇವೆ. ಅದರಲ್ಲಿರುವ ನಂಬರುಗಳಿಗೆ ಫೋನ್ ಮಾಡುತ್ತೇವೆ, ಆಮೇಲೆ ಮೇಲ್ ಕಳಿಸುತ್ತೇವೆ. ಹೆಚ್ಚಿನವರು "ನಮ್ಮಲ್ಲಿ ಅಂಥ ತೊಂದರೆ ಏನೂ ಇಲ್ಲ" ಅಂತ ಫೋನ್ ಇಟ್ಟುಬಿಡುತ್ತಾರೆ. ಕೆಲವರು "ಬ್ರೋಷರ್ ಕಳಿಸಿ, ನೋಡೋಣ" ಅನ್ನುತ್ತಾರೆ. ಅವರನ್ನೆಲ್ಲ ಶೀಟ್‌ನಲ್ಲಿ ಲೀಡ್, ಅಂದರೆ ಮುಂದೆ ಗ್ರಾಹಕರಾಗಬಹುದಾದವರು, ಅಂತ ಬರೆದುಕೊಳ್ಳುತ್ತೇವೆ. ಶೀಟ್ ಉದ್ದವಾಗುತ್ತಲೇ ಇದೆ, ಆರ್ಡರ್ ಬರುತ್ತಿಲ್ಲ.

ಬೇಜಾರು ಏನೆಂದರೆ, ಸೋರಿಕೆ ಅವರಲ್ಲಿ ಇದ್ದೇ ಇರುತ್ತದೆ. ಸರಿಯಾಗಿ ನೋಡಿಕೊಳ್ಳದ ಪ್ಲಾಂಟ್‌ನಲ್ಲಿ ಕಂಪ್ರೆಸರ್ ಕೊಡುವ ಗಾಳಿಯಲ್ಲಿ ಶೇ 20ರಿಂದ 30ರಷ್ಟು ಸುಮ್ನೆ ಸೋರಿ ಹೋಗುತ್ತದೆ. ಅಮೆರಿಕದ ಇಂಧನ ಇಲಾಖೆ ಕೊಡುವ ಅಂಕಿಯೂ ಇದೇ. ಇಷ್ಟಿದ್ದರೂ ಬೇಡಿಕೆ ಇಲ್ಲ. ಇನ್ನೂ ದೊಡ್ಡ ಪಟ್ಟಿ ತರಿಸೋಣ ಅಂತ ನಮ್ಮ ಪಾಲುದಾರರು ಹೇಳುತ್ತಿದ್ದಾರೆ. ನನಗೆ ಅದು ಸರಿ ಅನ್ನಿಸುತ್ತಿಲ್ಲ. ಅನುಭವ ಇರುವವರು ದಯವಿಟ್ಟು ಹೇಳಿ.

ಹಳೇಸೇಲ್ಸ್:

ದೊಡ್ಡ ಪಟ್ಟಿ ಬೇಡ ಸರ್. ನಿಮ್ಮ ಅನುಮಾನ ಸರಿಯಾಗಿದೆ.

ಆಸ್ಟ್ರೇಲಿಯಾದ ಎರೆನ್‌ಬರ್ಗ್ ಬಾಸ್ ಇನ್‌ಸ್ಟಿಟ್ಯೂಟ್‌ನ ಮಾರ್ಕೆಟಿಂಗ್ ಪ್ರೊಫೆಸರ್ ಜಾನ್ ಡಾವ್ಸ್ 2021ರಲ್ಲಿ ಒಂದು ಲೆಕ್ಕ ಮುಂದಿಟ್ಟರು. ಕಂಪನಿಗಳು ಕೆಲವು ಸೇವೆಗಳ ಸಪ್ಲೈಯರ್‌ನನ್ನು ಸುಮಾರು ಐದು ವರ್ಷಕ್ಕೊಮ್ಮೆ ಬದಲಾಯಿಸುತ್ತವೆ ಅಂದುಕೊಳ್ಳಿ. ಹಾಗಾದರೆ ಒಂದು ವರ್ಷದಲ್ಲಿ ಶೇ 20 ಜನ, ಮೂರು ತಿಂಗಳಲ್ಲಿ ಶೇ 5 ಜನ ಮಾತ್ರ ಕೊಳ್ಳುವ ಯೋಚನೆಯಲ್ಲಿರುತ್ತಾರೆ. ಉಳಿದ 95 ಜನರಿಗೆ ನೀವು ಎಷ್ಟು ಸಲ ಫೋನ್ ಮಾಡಿದರೂ "ಈಗ ಬೇಡ" ಅನ್ನುವ ಉತ್ತರವೇ ಬರುತ್ತದೆ. ಆ 5 ಜನರ ಬಾಗಿಲಲ್ಲಿ ನಿಮ್ಮಂತೆ ಪಟ್ಟಿ ಕೊಂಡವರೆಲ್ಲ ನಿಂತಿರುತ್ತಾರೆ. ಅಲ್ಲಿ ಗೆಲ್ಲುವುದು ಕಡಿಮೆ ರೇಟ್ ಮಾತ್ರ.

ನಿಮ್ಮ ಸ್ಥಿತಿ ಅದಕ್ಕಿಂತಲೂ ಕಷ್ಟದ್ದು. ನಿಮ್ಮ ಗ್ರಾಹಕರಿಗೆ ತೊಂದರೆ ಇದೆ ಅನ್ನುವುದೇ ಗೊತ್ತಿಲ್ಲ. ಗೊತ್ತಿಲ್ಲದ ತೊಂದರೆಗೆ ಯಾರೂ ಪರಿಹಾರ ಹುಡುಕುವುದಿಲ್ಲ ಅಲ್ವಾ? ಹಾಗಾಗಿ ನೀವು ಇನ್ನಷ್ಟು ಲೀಡ್ ಹುಡುಕುತ್ತಾ ಕೂರಬೇಡಿ. ಅವರ ಪ್ಲಾಂಟ್‌ನಲ್ಲಿ ಏನಾಗುತ್ತಿದೆ ಅಂತ ಅವರಿಗೇ ಕಾಣುವಂತೆ ಮಾಡಿ. ಕಂಡ ಮೇಲೆ ಅವರೇ ಫೋನ್ ಮಾಡುತ್ತಾರೆ. ನಾನು ಲೀಡ್ ಅನ್ನುವುದು ಆ ಫೋನಿಗೆ. ಬ್ರೋಷರ್ ಕೇಳಿದವರು ಮರ್ಯಾದೆಗೆ ಕೇಳಿರುತ್ತಾರೆ, ಅಷ್ಟೇ.

ಒಂದು ಪ್ರಶ್ನೆ. ತನ್ನಲ್ಲಿ ಎಷ್ಟು ಸೋರುತ್ತಿದೆ ಅಂತ ಪ್ಲಾಂಟ್‌ನವರು ನಿಮ್ಮ ಯಂತ್ರ ಇಲ್ಲದೆ ತಾವೇ ತಿಳಿದುಕೊಳ್ಳಲು ದಾರಿ ಇದೆಯಾ?

ಗಾಳಿಕೆಲಸ:

ಇದೆ ಸರ್, ಬಹಳ ಸುಲಭ. ಉತ್ಪಾದನೆ ನಿಂತಿರುವ ಹೊತ್ತಿನಲ್ಲಿ ಕಂಪ್ರೆಸರ್ ಚಾಲೂ ಇಟ್ಟು, ಲೈನ್‌ನಲ್ಲಿ ಒತ್ತಡ ತುಂಬಿಸಬೇಕು. ಗಾಳಿ ಬಳಸುವ ಯಂತ್ರ ಯಾವುದೂ ಓಡಬಾರದು. ಸೋರಿಕೆ ಇಲ್ಲದಿದ್ದರೆ ಕಂಪ್ರೆಸರ್ ಒಮ್ಮೆ ತುಂಬಿಸಿ ಸುಮ್ಮನಾಗಬೇಕು. ಸೋರುತ್ತಿದ್ದರೆ ಒತ್ತಡ ಇಳಿದು ಮತ್ತೆ ಮತ್ತೆ ಲೋಡ್ ಆಗುತ್ತದೆ, ಅಂದರೆ ಗಾಳಿ ತುಂಬಲು ಶುರು ಮಾಡುತ್ತದೆ. ಗಾಳಿ ತುಂಬದೆ ಇರುವ ಹೊತ್ತು ಅನ್‌ಲೋಡ್.

ಎಷ್ಟು ನಿಮಿಷ ಲೋಡ್, ಎಷ್ಟು ನಿಮಿಷ ಅನ್‌ಲೋಡ್ ಅಂತ ಗಡಿಯಾರ ನೋಡಿ ಬರೆದುಕೊಂಡರೆ ಸಾಕು. ಲೋಡ್ ಆದ ಸಮಯವನ್ನು ಒಟ್ಟು ಸಮಯದಿಂದ ಭಾಗಿಸಿ ನೂರರಿಂದ ಗುಣಿಸಬೇಕು. 3 ನಿಮಿಷ ಲೋಡ್, 7 ನಿಮಿಷ ಅನ್‌ಲೋಡ್ ಆದರೆ ಆ ಕಂಪ್ರೆಸರ್‌ನ ಸಾಮರ್ಥ್ಯದಲ್ಲಿ ಶೇ 30 ಸೋರಿಕೆಗೇ ಹೋಗುತ್ತಿದೆ ಅಂತ ಅರ್ಥ. ವೇಗ ಬದಲಾಗುವ ಡ್ರೈವ್ ಇರುವ ಕಂಪ್ರೆಸರ್‌ಗೆ ಈ ಲೆಕ್ಕ ಹೊಂದುವುದಿಲ್ಲ. ಲೋಡ್ ಅನ್‌ಲೋಡ್ ಆಗುವಂಥವಕ್ಕೆ ಚೆನ್ನಾಗಿ ಹೊಂದುತ್ತದೆ.

ಇದನ್ನು ನಾವು ಹೊರಗೆ ಹೇಳುವುದಿಲ್ಲ. ಹೇಳಿಬಿಟ್ಟರೆ ನಮ್ಮನ್ನು ಯಾಕೆ ಕರೆಯುತ್ತಾರೆ?

ಹಳೇಸೇಲ್ಸ್:

ನಿಮ್ಮ ಹತ್ತಿರ ಇರುವ ಅತಿ ದೊಡ್ಡ ಸೇಲ್ಸ್ ಸಾಮಗ್ರಿ ಇದೇ, ಅದನ್ನೇ ಬಚ್ಚಿಟ್ಟಿದ್ದೀರಿ!

ಈ ಪರೀಕ್ಷೆ ಎಷ್ಟು ಸೋರುತ್ತಿದೆ ಅಂತ ಹೇಳುತ್ತದೆ. ಎಲ್ಲಿ ಸೋರುತ್ತಿದೆ ಅಂತ ಹೇಳುವುದಿಲ್ಲ. ಶೇ 30 ಅನ್ನುವ ಅಂಕಿ ಕಂಡವರಿಗೆ ಮುಂದಿನ ಪ್ರಶ್ನೆ "ಎಲ್ಲಿ?" ಅನ್ನುವುದೇ. ಆ ಪ್ರಶ್ನೆಗೆ ಉತ್ತರ ನಿಮ್ಮ ಯಂತ್ರದಲ್ಲಿದೆ. ಒಂದು ಪುಟದಲ್ಲಿ ಪರೀಕ್ಷೆ ಬರೆಯಿರಿ, ಬರೆದುಕೊಳ್ಳಲು ಖಾಲಿ ಕೋಷ್ಟಕ ಕೊಡಿ, ಕೆಳಗೆ ನಿಮ್ಮ ನಂಬರ್ ಹಾಕಿ, ಎಲ್ಲರಿಗೂ ಹಂಚಿ. ಫಾರ್ಮ್ ತುಂಬಿ, ಮೇಲ್ ಐಡಿ ಕೊಡಿ ಅಂತ ಕೇಳಬೇಡಿ. ಕೆಲವರು ತಾವೇ ಅಳೆದು, ಸೋಪಿನ ನೀರು ಹಚ್ಚಿ ತಾವೇ ಸರಿ ಮಾಡಿಕೊಳ್ಳುತ್ತಾರೆ. ಮಾಡಿಕೊಳ್ಳಲಿ. ಅವರು ಹೇಗೂ ನಿಮ್ಮ ಗ್ರಾಹಕರಲ್ಲ.

ಜೆರಾಕ್ಸ್‌ಪ್ರತಿ:

ಹೊಸ ಬೇಡಿಕೆ ಅಂದಾಗ ನನಗೆ ಜೆರಾಕ್ಸ್ 914 ನೆನಪಾಗುತ್ತದೆ. 1959ರಲ್ಲಿ ಬಂದ ಯಂತ್ರ. ಆಗಿನ ಆಫೀಸುಗಳು ದಿನಕ್ಕೆ ಕೆಲವೇ ಪ್ರತಿ ತೆಗೆಯುತ್ತಿದ್ದವು. ಕಾರ್ಬನ್ ಪೇಪರ್ ಇತ್ತು, ಕೆಲಸ ನಡೆಯುತ್ತಿತ್ತು. "ನಿಮಗೆ ಕಾಪಿ ಯಂತ್ರ ಬೇಕಾ?" ಅಂತ ಕೇಳಿದ್ದರೆ ಬೇಡ ಅನ್ನುತ್ತಿದ್ದರು. ಯಂತ್ರ ದುಬಾರಿ ಬೇರೆ. ಐಬಿಎಂ ಕೂಡ ಇದರ ಮಾರುಕಟ್ಟೆ ಸಣ್ಣದು ಅಂದುಕೊಂಡು ಕೈ ಹಾಕಲಿಲ್ಲ.

ಜೆರಾಕ್ಸ್ ಕಂಪನಿಯವರು ಅದನ್ನು ತಿಂಗಳ ಬಾಡಿಗೆಗೆ ಕೊಟ್ಟರು. ಮೊದಲ 2000 ಪ್ರತಿ ಬಾಡಿಗೆಯಲ್ಲೇ ಸೇರಿತ್ತು. ಅದರ ಮೇಲೆ ತೆಗೆದರೆ ಮಾತ್ರ ಪ್ರತಿಗಿಷ್ಟು ಅಂತ ಹಣ. ಇಷ್ಟಾದ ಮೇಲೆ ಎಷ್ಟೋ ಕಡೆ ತಿಂಗಳಿಗೆ ಅಂತ ಇಟ್ಟಿದ್ದ ಲೆಕ್ಕ ಒಂದೇ ದಿನದಲ್ಲಿ ಮುಗಿಯತೊಡಗಿತು. ಒಳ್ಳೆಯ ಪ್ರತಿ ಸುಲಭವಾಗಿ ಸಿಗುತ್ತದೆ ಅಂತ ಗೊತ್ತಾದ ಮೇಲೆ ಜನ ಮೊದಲು ಪ್ರತಿ ತೆಗೆಯದೇ ಇದ್ದ ಕಾಗದಗಳನ್ನೂ ತೆಗೆಯತೊಡಗಿದರು.

ನನಗೆ ಇಲ್ಲಿ ಮುಖ್ಯ ಅನ್ನಿಸುವುದು ಬಾಡಿಗೆಯ ಜಾಣತನಕ್ಕಿಂತ ಇನ್ನೊಂದು ವಿಷಯ. ಅವರು ಗ್ರಾಹಕನ ಭಯವನ್ನು ತೆಗೆದರು. ದುಬಾರಿ ಯಂತ್ರ ಕೊಂಡು ಮೂಲೆಗೆ ಬಿದ್ದರೆ ಅನ್ನುವ ಭಯ. ಬೇಡಿಕೆ ಇಲ್ಲ ಅಂತ ನಾವು ಅಂದುಕೊಳ್ಳುವ ಎಷ್ಟೋ ಕಡೆ ಬೇಡಿಕೆ ಇರುತ್ತದೆ, ಮುಂದೆ ಭಯ ಅಡ್ಡ ನಿಂತಿರುತ್ತದೆ. ಗಾಳಿಕೆಲಸದವರೇ, ನಿಮ್ಮ ಗ್ರಾಹಕರ ಭಯ ಏನು ಅಂತ ಯೋಚಿಸಿದ್ದೀರಾ?

ಪ್ಲಾಂಟ್‌ಒಳಗಿನವ:

ಆ ಭಯ ಏನು ಅಂತ ನಾನು ಹೇಳುತ್ತೇನೆ. ನಾನು ಫೋನಿನ ಆ ಕಡೆ ಇರುವವನು. ಒಂದು ಕಾರ್ಖಾನೆಯಲ್ಲಿ ಮೇಂಟೆನೆನ್ಸ್ ನೋಡಿಕೊಳ್ಳುತ್ತೇನೆ. ಇಂಥ ಫೋನುಗಳು ನನಗೂ ಬರುತ್ತವೆ.

"ನಿಮ್ಮಲ್ಲಿ ಸೋರಿಕೆ ಇದೆಯಾ ಸರ್?" ಅಂತ ಕೇಳಿದರೆ ನಾನೂ ಇಲ್ಲ ಅನ್ನುತ್ತೇನೆ. ಇದೆ ಅಂದರೆ ನಾನು ನನ್ನ ಕೆಲಸ ಸರಿಯಾಗಿ ಮಾಡುತ್ತಿಲ್ಲ ಅಂತ ಹೊರಗಿನವರ ಮುಂದೆ ಒಪ್ಪಿಕೊಂಡ ಹಾಗೆ. ದಯವಿಟ್ಟು ಆ ಪ್ರಶ್ನೆ ಕೇಳುವುದನ್ನು ನಿಲ್ಲಿಸಿ. ಎಲ್ಲ ಪ್ಲಾಂಟ್‌ನಲ್ಲೂ ಕಪ್ಲಿಂಗ್ ಸಡಿಲವಾಗುತ್ತದೆ, ಹೋಸ್ ಬಿರುಕು ಬಿಡುತ್ತದೆ, ಡ್ರೈನ್ ವಾಲ್ವ್ ಪೂರ್ತಿ ಮುಚ್ಚುವುದಿಲ್ಲ. ಅದು ಯಾರ ತಪ್ಪೂ ಅಲ್ಲ. ಹಾಗೆ ಮಾತು ಶುರು ಮಾಡಿದರೆ ನಾನು ಕೇಳಿಸಿಕೊಳ್ಳುತ್ತೇನೆ.

ಇನ್ನೊಂದು. ನನಗೆ ಮನವರಿಕೆ ಆದರೂ ಸಹಿ ಹಾಕುವವನು ನಾನಲ್ಲ. ನಾನು ಆ ಕಾಗದ ಹಿಡಿದು ಮೇಲಿನವರ ಹತ್ತಿರ ಹೋಗಬೇಕು. ಅವರಿಗೆ "ಅಲ್ಟ್ರಾಸೌಂಡ್" ಅಂದರೆ ಏನೂ ಅಲ್ಲ. ಕರೆಂಟ್ ಬಿಲ್ ಅಂದರೆ ಕಿವಿ ನೆಟ್ಟಗಾಗುತ್ತದೆ. 7 ಬಾರ್ ಒತ್ತಡದಲ್ಲಿ 3 ಮಿಲಿಮೀಟರ್ ತೂತು ಒಂದಿದ್ದರೆ ಅದಕ್ಕಾಗಿಯೇ ಕಂಪ್ರೆಸರ್ ಸುಮಾರು 4 ಕಿಲೋವ್ಯಾಟ್ ತಿನ್ನುತ್ತದೆ. ಹಗಲು ರಾತ್ರಿ ನಡೆಯುವ ಪ್ಲಾಂಟ್‌ನಲ್ಲಿ ವರ್ಷಕ್ಕೆ 8000 ಗಂಟೆ ಹಿಡಿಯಿರಿ. 32,000 ಯೂನಿಟ್! ಇದನ್ನು ನಮ್ಮದೇ ಬಿಲ್ಲಿನ ದರದಲ್ಲಿ ಗುಣಿಸಿ ತೋರಿಸಿದರೆ ಮೇಲಿನವರು ಮೊದಲು ಕೇಳುವುದು "ಇಂಥವು ಎಷ್ಟಿವೆ?" ಅಂತ. ಆಮೇಲೆ ನಿಮ್ಮನ್ನು ಕರೆಸುವುದು ನನಗೆ ಸುಲಭ.

ಅಂದರೆ ನೀವು ನನಗೆ ಮಾರಬೇಕಾಗಿಲ್ಲ. ನಾನು ಒಳಗೆ ಮಾರಲು ಬೇಕಾದ ಕಾಗದ ಕೊಡಿ.

ಗಾಳಿಕೆಲಸ:

ಸರ್, ನಿಮ್ಮ ಮಾತು ಓದಿ ಕಣ್ಣು ತೆರೆದ ಹಾಗಾಯಿತು. ನಮ್ಮ ಫೋನ್ ಸ್ಕ್ರಿಪ್ಟ್‌ನ ಮೊದಲ ಸಾಲೇ ಆ ಪ್ರಶ್ನೆ.

ಮಿತಿರೇಖೆ:

ಎಲ್ಲರೂ ಬೇಡಿಕೆ ಹುಟ್ಟಿಸುವುದು ಒಳ್ಳೆಯದು ಅಂತಲೇ ಮಾತಾಡುತ್ತಿದ್ದೀರಿ. ನನಗೆ ಒಂದು ತಕರಾರಿದೆ.

ಲಿಸ್ಟರಿನ್ ಕಥೆ ಗೊತ್ತಿರಬಹುದು. 1879ರಲ್ಲಿ ಶಸ್ತ್ರಚಿಕಿತ್ಸೆಗೆ ಬಳಸುವ ಕ್ರಿಮಿನಾಶಕವಾಗಿ ಬಂದದ್ದು. 1920ರ ದಶಕದಲ್ಲಿ ಅದನ್ನೇ ಬಾಯಿ ವಾಸನೆಗೆ ಮದ್ದು ಅಂತ ಮಾರಿದರು. ಜಾಹೀರಾತುಗಳು ಏನು ಹೇಳಿದವು? ನಿನ್ನ ಬಾಯಿ ವಾಸನೆ ಬರುತ್ತಿದೆ, ಯಾರೂ ನಿನಗೆ ಹೇಳುತ್ತಿಲ್ಲ, ಅದಕ್ಕೇ ನಿನ್ನ ಮದುವೆ ಆಗುತ್ತಿಲ್ಲ. ಮಾರಾಟ ಏರಿತು, ನಿಜ. ಆದರೆ ಅದು ಜನರೊಳಗೆ ನಾಚಿಕೆ ಬಿತ್ತಿ ತೆಗೆದ ಬೆಳೆ. ಇವತ್ತು ಸೈಬರ್ ಸೆಕ್ಯುರಿಟಿ, ಇನ್ಶೂರೆನ್ಸ್ ಮಾರುವವರಲ್ಲೂ ಕೆಲವರು ಇದನ್ನೇ ಮಾಡುತ್ತಾರೆ. ಮೊದಲು ಹೆದರಿಸು, ಆಮೇಲೆ ಮಾರು. ನೀವು ಹೇಳುತ್ತಿರುವುದು ಇದಕ್ಕಿಂತ ಹೇಗೆ ಬೇರೆ?

ಹಳೇಸೇಲ್ಸ್:

ಒಳ್ಳೆಯ ತಕರಾರು. ಈ ಪ್ರಶ್ನೆ ಕೇಳಿಕೊಳ್ಳದೆ ಈ ಕೆಲಸ ಮಾಡಬಾರದು.

ನಾನು ನೋಡುವುದು ಒಂದನ್ನೇ. ನಾನು ಹೇಳಿದ್ದನ್ನು ಗ್ರಾಹಕ ನನ್ನ ಸಹಾಯ ಇಲ್ಲದೆ ಪರೀಕ್ಷಿಸಬಹುದಾ? ಬಾಯಿ ವಾಸನೆಯ ಜಾಹೀರಾತು ನೋಡಿದವನಿಗೆ ಪರೀಕ್ಷಿಸುವ ದಾರಿ ಇರಲಿಲ್ಲ. ಯಾರೂ ನಿಜ ಹೇಳುವುದಿಲ್ಲ ಅಂತ ಜಾಹೀರಾತೇ ಹೇಳಿ, ಇದ್ದ ದಾರಿಯನ್ನೂ ಮುಚ್ಚಿತ್ತು. ಇಲ್ಲಿ ಪ್ಲಾಂಟ್‌ನವರು ತಮ್ಮ ಗಡಿಯಾರ, ತಮ್ಮ ಕಂಪ್ರೆಸರ್, ತಮ್ಮ ಬಿಲ್ ಇಟ್ಟುಕೊಂಡು ಲೆಕ್ಕ ಹಾಕುತ್ತಾರೆ. ಸೋರಿಕೆ ಶೇ 5 ಅಂತ ಬಂದರೆ ಗಾಳಿಕೆಲಸದವರು "ನಿಮ್ಮದು ಚೆನ್ನಾಗಿದೆ ಸರ್, ಈಗ ನಾವು ಬೇಡ" ಅಂತ ಬರೆದುಕೊಡಬೇಕು. ಆ ಒಂದು ಪುಟದಲ್ಲೇ ಈ ಮಾತು ಅಚ್ಚಾಗಿರಬೇಕು. ಯಾವಾಗ ಬೇಡ ಅಂತ ಹೇಳುವವನನ್ನು, ಬೇಕು ಅಂದಾಗ ಜನ ನಂಬುತ್ತಾರೆ.

ಮಿತಿರೇಖೆ:

ಒಪ್ಪಿದೆ. "ಈಗ ನಾವು ಬೇಡ" ಅನ್ನುವ ಸಾಲು ನಿಜಕ್ಕೂ ಹಾಕಿದರೆ ನನ್ನ ತಕರಾರು ಇಲ್ಲ.

ಬದಲಾವಣೆಕಣ್ಣು:

ಪರೀಕ್ಷೆಯ ಪುಟ ಸರಿ. ಆದರೆ ಅದನ್ನು ಯಾರಿಗೆ, ಯಾವಾಗ ಕೊಡುತ್ತೀರಿ ಅನ್ನುವುದರಲ್ಲಿ ಅರ್ಧ ಕೆಲಸ ಇದೆ. ಈ ಭಾಗ ನನಗೆ ಬಹಳ ಇಷ್ಟ, ಸ್ವಲ್ಪ ಜಾಸ್ತಿ ಬರೆಯುತ್ತೇನೆ.

ಎಲ್ಲ ಸರಿಯಾಗಿ ನಡೆಯುತ್ತಿರುವಾಗ ಯಾವ ಕಂಪನಿಯೂ ಹೊಸದನ್ನು ಕೊಳ್ಳುವುದಿಲ್ಲ. ಏನಾದರೂ ಬದಲಾದಾಗ ಕೊಳ್ಳುತ್ತದೆ. ಆ ಬದಲಾವಣೆ ಮೊದಲು ಕಂಡವರಿಗೆ ಅವಕಾಶ. 2018ರ ಮೇ 25ರಂದು ಜನರ ಖಾಸಗಿ ಡೇಟಾ ಕಾಪಾಡುವ ಯುರೋಪಿನ ಜಿಡಿಪಿಆರ್ ಕಾನೂನು ಜಾರಿಗೆ ಬಂತು. ಅದಕ್ಕೆ ಮುಂಚೆ ಜನರ ಡೇಟಾ ಎಲ್ಲಿದೆ ಅಂತ ಪಟ್ಟಿ ಮಾಡಿಕೊಡುವ ಸೇವೆಗೆ ಅಷ್ಟಾಗಿ ಕೇಳುವವರಿರಲಿಲ್ಲ. ದಿನಾಂಕ ಗೊತ್ತಾದ ಮೇಲೆ ಎಲ್ಲರಿಗೂ ಬೇಕಾಯಿತು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಆ ದಿನಾಂಕ ವರ್ಷಗಳ ಮೊದಲೇ ಎಲ್ಲರಿಗೂ ತಿಳಿದಿತ್ತು. "ನಿಮ್ಮ ಎಷ್ಟು ಕಂಪ್ಯೂಟರ್ ವಿಂಡೋಸ್ 11ಕ್ಕೆ ಹೋಗುವುದಿಲ್ಲ ಅಂತ ಎಣಿಸಿಕೊಡುತ್ತೇವೆ" ಅಂತ ಮೊದಲೇ ಹೋದವರು ಮಾತುಕತೆಗೆ ಕೂತರು. ಕೊನೆಯ ತಿಂಗಳಲ್ಲಿ ಹೋದವರು ಕೊಟೇಷನ್ ಕೊಟ್ಟು ಕಾದರು.

ನಿಮ್ಮ ಕ್ಷೇತ್ರದಲ್ಲೂ ಇಂಥದ್ದಿದೆ. ಯುರೋಪಿನ ಒಕ್ಕೂಟ ಗಡಿಯಲ್ಲಿ ಇಂಗಾಲದ ಲೆಕ್ಕ ಕೇಳುವ ಸಿಬಿಎಎಂ ನಿಯಮ ತಂದಿದೆ. 2023ರ ಅಕ್ಟೋಬರ್ 1ರಿಂದ ವರದಿ ಕೊಡುವ ಹಂತ ಶುರುವಾಯಿತು, 2026ರ ಜನವರಿ 1ರಿಂದ ಪೂರ್ಣ ಹಂತ. ಉಕ್ಕು, ಅಲ್ಯೂಮಿನಿಯಂ, ಸಿಮೆಂಟ್, ಗೊಬ್ಬರ ಇಂಥವನ್ನು ತರಿಸಿಕೊಳ್ಳುವ ಅಲ್ಲಿನವರು ತಯಾರಿಕೆಯಲ್ಲಿ ಎಷ್ಟು ಇಂಗಾಲ ಹೊರಬಿತ್ತು ಅಂತ ಹೇಳಬೇಕು, ಆ ಲೆಕ್ಕವನ್ನು ಕಳಿಸುವವರಿಂದಲೇ ಕೇಳುತ್ತಾರೆ. ಇನ್ನು ಐಎಸ್‌ಒ 50001 ಅನ್ನುವ ಇಂಧನ ನಿರ್ವಹಣೆಯ ಪ್ರಮಾಣಪತ್ರ ಪಡೆದ ಪ್ಲಾಂಟ್‌ಗಳು ಇಂಧನ ಬಳಕೆ ಸುಧಾರಿಸುತ್ತಿದೆ ಅಂತ ಲೆಕ್ಕ ಸಮೇತ ತೋರಿಸಬೇಕು. ಇವರಿಗೆ ಸೋರಿಕೆ ರಿಪೇರಿ ಅಂದರೆ ಬೇಗ ತೋರಿಸಬಹುದಾದ ಸುಧಾರಣೆ. ಆದರೆ ಒಂದು ಎಚ್ಚರಿಕೆ. "ನಮ್ಮನ್ನು ಕರೆದರೆ ಸಿಬಿಎಎಂ ತೊಂದರೆ ಮುಗಿಯಿತು" ಅಂತ ಹೇಳಬೇಡಿ. ಅದು ಸುಳ್ಳು. ನೀವು ಕೊಡುವುದು ಕರೆಂಟ್ ಉಳಿತಾಯದ ನಂಬಬಹುದಾದ ಲೆಕ್ಕ, ಅಷ್ಟನ್ನೇ ಹೇಳಿ.

ನನ್ನ ಪ್ರಕಾರ ಎಲ್ಲಕ್ಕಿಂತ ಒಳ್ಳೆಯ ಅವಕಾಶ ಬೇರೆ ಕಡೆ ಇದೆ. ಹೊಸ ಕಂಪ್ರೆಸರ್ ಕೊಳ್ಳಲು ಹೊರಟಿರುವ ಪ್ಲಾಂಟ್ ಹುಡುಕಿ. ಅಲ್ಲಿ ಗಾಳಿ ಸಾಲುತ್ತಿಲ್ಲ. ದೊಡ್ಡ ಖರ್ಚಿಗೆ ತಯಾರಿ ನಡೆಯುತ್ತಿದೆ. ಸೋರಿಕೆ ಶೇ 30 ಇದ್ದರೆ, ಅವರು ಕೊಳ್ಳಲು ಹೊರಟಿರುವ ಗಾಳಿ ಈಗಾಗಲೇ ಅವರ ಲೈನ್‌ನಲ್ಲೇ ಇರಬಹುದು. "ಕೊಳ್ಳುವ ಮೊದಲು ಒಮ್ಮೆ ಅಳೆಯಿರಿ" ಅನ್ನುವ ಒಂದು ಸಾಲಿಗೆ ಅಲ್ಲಿ ಇರುವ ಬೆಲೆ, ಬೇರೆ ಕಡೆ ನೂರು ಫೋನಿಗೆ ಇಲ್ಲ.

ಹೇಗೆ ಗೊತ್ತಾಗುತ್ತದೆ ಅನ್ನುತ್ತೀರಾ? ಹೊಸ ಶೆಡ್ ಕಟ್ಟುತ್ತಿರುವವರು, ಮೂರನೇ ಶಿಫ್ಟ್‌ಗೆ ಜನ ಬೇಕು ಅಂತ ಜಾಹೀರಾತು ಹಾಕಿದವರು, ಟೆಂಡರ್ ಕರೆದವರು. ಇದನ್ನೆಲ್ಲ ಅವರೇ ಹೊರಗೆ ಹೇಳಿಕೊಂಡಿರುತ್ತಾರೆ. ಇಂಥ ಚಿಕ್ಕ ಪಟ್ಟಿ ನೀವೇ ಕೂತು ಮಾಡಿ. ಕೊಂಡ ಪಟ್ಟಿ ಅದರ ಹತ್ತಿರವೂ ಬರುವುದಿಲ್ಲ.

ಪ್ಲಾಂಟ್‌ಒಳಗಿನವ:

ಕೊನೆಯ ಮಾತು ನೂರಕ್ಕೆ ನೂರು ನಿಜ. ಗಾಳಿ ಕಡಿಮೆಯಾದಾಗ ನಾವು ಮಾಡುವ ಮೊದಲ ಕೆಲಸ ಒತ್ತಡ ಏರಿಸುವುದು. ಒತ್ತಡ ಏರಿಸಿದರೆ ಇದ್ದ ತೂತಿನಿಂದ ಇನ್ನೂ ಜಾಸ್ತಿ ಸೋರುತ್ತದೆ. 1 ಬಾರ್ ಏರಿಸಿದರೆ ಕರೆಂಟ್ ಸುಮಾರು ಶೇ 7 ಜಾಸ್ತಿ. ಅದೂ ಸಾಲದಾದಾಗ ಹೊಸ ಕಂಪ್ರೆಸರ್ ಕೇಳುತ್ತೇವೆ. ಆ ಹೊತ್ತಿನಲ್ಲಿ ಬಂದು ಅಳೆದುಕೊಡುವವರು ಸಿಕ್ಕರೆ ಮೇಲಿನವರೂ ಕೂತು ಕೇಳುತ್ತಾರೆ.

ಶೀಟ್‌ನೋಡುವವಳು:

ನಾನು ಲೀಡ್‌ಗಳ ಲೆಕ್ಕ ಇಡುವ ಕೆಲಸ ಮಾಡುತ್ತೇನೆ. ಬೇಡಿಕೆ ಹುಟ್ಟಿಸಿದ ಮೇಲೆ ಅದನ್ನು ಕಳೆದುಕೊಳ್ಳುವ ಜಾಗದ ಬಗ್ಗೆ ಹೇಳಬೇಕು ಅನ್ನಿಸಿತು.

ಪರೀಕ್ಷೆ ಮಾಡಿದವರು ಅಂಕಿ ನೋಡಿ ಫೋನ್ ಅಥವಾ ಮೆಸೇಜ್ ಮಾಡುತ್ತಾರೆ. ಅವರ ತಲೆಯಲ್ಲಿ ಆಗ ವಿಷಯ ಬಿಸಿ ಇರುತ್ತದೆ. 2011ರಲ್ಲಿ ಹಾರ್ವರ್ಡ್ ಬಿಸಿನೆಸ್ ರಿವ್ಯೂನಲ್ಲಿ ಬಂದ ಒಂದು ಅಧ್ಯಯನದ ಪ್ರಕಾರ, ಆನ್‌ಲೈನ್ ವಿಚಾರಣೆ ಬಂದ ಒಂದು ಗಂಟೆಯೊಳಗೆ ಸಂಪರ್ಕಿಸಿದ ಕಂಪನಿಗಳಿಗೆ, ಅದಕ್ಕಿಂತ ಒಂದು ಗಂಟೆ ತಡ ಮಾಡಿದವರಿಗಿಂತಲೂ ಸುಮಾರು 7 ಪಟ್ಟು ಜಾಸ್ತಿ ಸಾಧ್ಯತೆ ಇತ್ತು, ಆ ಲೀಡ್ ಜೊತೆ ಸರಿಯಾದ ಮಾತುಕತೆ ಶುರುವಾಗಲು. 24 ಗಂಟೆ ಕಳೆದವರಿಗೆ ಹೋಲಿಸಿದರೆ 60 ಪಟ್ಟಿಗೂ ಜಾಸ್ತಿ. ನೀವೆಲ್ಲ ಸೈಟ್‌ನಲ್ಲಿ ಕೆಲಸದಲ್ಲಿರುತ್ತೀರಿ ಅಂತ ಗೊತ್ತು. ಆದರೂ ಆ ಒಂದು ನಂಬರ್ ಎತ್ತಲು ಒಬ್ಬರು ಇರಲೇಬೇಕು.

ಮತ್ತೆ, ಶೀಟ್‌ನಲ್ಲಿ ಲೀಡ್ ಅಂತ ಬರೆಯುವ ಮೊದಲು ಮೂರು ಕಾಲಂ ಸೇರಿಸಿ. ಸೋರಿಕೆ ಶೇಕಡಾ ಎಷ್ಟು ಬಂತು, ಅವರಲ್ಲಿ ಈಗ ಏನು ಬದಲಾಗುತ್ತಿದೆ, ಸಹಿ ಹಾಕುವವರು ಯಾರು. ಮೂರೂ ಖಾಲಿ ಇದ್ದರೆ ಅದು ಲೀಡ್ ಅಲ್ಲ, ಬರೀ ವಿಳಾಸ. ಶೀಟ್ ತುಂಬಾ ಚಿಕ್ಕದಾಗುತ್ತದೆ, ಪಾಲುದಾರರಿಗೆ ಗಾಬರಿಯಾಗುತ್ತದೆ. ಆದರೆ ಎಷ್ಟು ಕೊಟೇಷನ್ ಹೋಯಿತು, ಎಷ್ಟು ಆರ್ಡರ್ ಬಂತು ಅನ್ನುವುದನ್ನು ಪಕ್ಕದಲ್ಲಿಟ್ಟು ತೋರಿಸಿ. ಅವರಿಗೇ ಅರ್ಥವಾಗುತ್ತದೆ.

ಗಾಳಿಕೆಲಸ:

ಎಲ್ಲರಿಗೂ ತುಂಬಾ ಧನ್ಯವಾದ. ಪಾಲುದಾರರಿಗೂ ಇದನ್ನೆಲ್ಲ ಓದಿಸಿದೆ. ಹೊಸ ಪಟ್ಟಿ ಕೊಳ್ಳುವುದು ನಿಂತಿದೆ. ಒಂದು ಪುಟದ ಕರಡು ಹೀಗಿದೆ, ನೋಡಿ ಹೇಳಿ:

"ಹೊಸ ಕಂಪ್ರೆಸರ್ ಕೊಳ್ಳುವ ಮೊದಲು ಒಮ್ಮೆ ಅಳೆಯಿರಿ. ಎಲ್ಲ ಪ್ಲಾಂಟ್‌ನಲ್ಲೂ ಏರ್ ಲೈನ್ ಸ್ವಲ್ಪ ಸೋರುತ್ತದೆ. ನಿಮ್ಮಲ್ಲಿ ಎಷ್ಟು ಅಂತ ನೀವೇ ತಿಳಿದುಕೊಳ್ಳಬಹುದು. ಊಟದ ವಿರಾಮದಲ್ಲಿ ಯಂತ್ರಗಳನ್ನು ನಿಲ್ಲಿಸಿ, ಕಂಪ್ರೆಸರ್ ಮಾತ್ರ ಚಾಲೂ ಇಡಿ. ಲೋಡ್ ಮತ್ತು ಅನ್‌ಲೋಡ್ ಸಮಯವನ್ನು ಕೆಳಗಿನ ಕೋಷ್ಟಕದಲ್ಲಿ ಬರೆಯಿರಿ. ಶೇ 10ಕ್ಕಿಂತ ಕಡಿಮೆ ಬಂದರೆ ನಿಮ್ಮ ಲೈನ್ ಚೆನ್ನಾಗಿದೆ, ಈಗ ನಾವು ಬೇಡ. ಜಾಸ್ತಿ ಬಂದರೆ ನಿಮ್ಮ ಕರೆಂಟ್ ದರ ಹಾಕಿ ವರ್ಷದ ನಷ್ಟ ಲೆಕ್ಕ ಮಾಡಿ. ಎಲ್ಲಿ ಸೋರುತ್ತಿದೆ ಅಂತ ತಿಳಿಯಬೇಕಿದ್ದರೆ ನಮ್ಮ ಅತ್ಯಾಧುನಿಕ ತಂತ್ರಜ್ಞಾನದ ಸೇವೆಗೆ ಕರೆ ಮಾಡಿ."

ಹಳೇಸೇಲ್ಸ್:

ಚೆನ್ನಾಗಿದೆ. "ಅತ್ಯಾಧುನಿಕ ತಂತ್ರಜ್ಞಾನದ ಸೇವೆ" ತೆಗೆದುಹಾಕಿ. "ಯಂತ್ರ ಹಿಡಿದು ಲೈನ್ ಉದ್ದಕ್ಕೂ ನಡೆಯುತ್ತೇವೆ, ಸೋರುವ ಪ್ರತಿ ಜಾಗಕ್ಕೂ ಟ್ಯಾಗ್ ಕಟ್ಟಿ ಪಟ್ಟಿ ಕೊಡುತ್ತೇವೆ" ಅಂತ ಬರೆಯಿರಿ. ಮಾಡುವುದನ್ನೇ ಹೇಳಿದರೆ ಸಾಕು.

ಪ್ಲಾಂಟ್‌ಒಳಗಿನವ:

ಎರಡು ತಿದ್ದುಪಡಿ. ಊಟದ ವಿರಾಮದಲ್ಲಿ ಎಲ್ಲ ಯಂತ್ರ ನಿಲ್ಲುವುದಿಲ್ಲ, ಸಮಯವೂ ಸಾಲದು. ವಾರದ ರಜೆಯ ದಿನ ಅಥವಾ ವರ್ಷದ ಶಟ್‌ಡೌನ್ ಶುರುವಾಗುವ ಹೊತ್ತು ಅಂತ ಬರೆಯಿರಿ. ಇನ್ನೊಂದು, ಕಂಪ್ರೆಸರ್ ರೂಮಿನಿಂದ ಹೊರಗೆ ಹೋಗುವ ಮುಖ್ಯ ವಾಲ್ವ್ ತೆರೆದೇ ಇರಬೇಕು ಅಂತ ದಪ್ಪ ಅಕ್ಷರದಲ್ಲಿ ಹಾಕಿ. ರಜೆಯ ದಿನ ನಮ್ಮ ಹುಡುಗರು ಅಭ್ಯಾಸದಂತೆ ಅದನ್ನು ಮುಚ್ಚಿಬಿಡುತ್ತಾರೆ. ಮುಚ್ಚಿ ಅಳೆದರೆ ಸೋರಿಕೆಯೇ ಇಲ್ಲ ಅಂತ ಬರುತ್ತದೆ, ನಿಮಗೆ ಫೋನೂ ಬರುವುದಿಲ್ಲ.

ಗಾಳಿಕೆಲಸ:

ಎರಡೂ ಸೇರಿಸಿದೆ ಸರ್. ವಾಲ್ವ್ ಎಲ್ಲಿರುತ್ತದೆ ಅಂತ ಒಂದು ಚಿಕ್ಕ ಚಿತ್ರವನ್ನೂ ಹಾಕುತ್ತಿದ್ದೇವೆ. ಮೊದಲ ಪ್ರತಿ ಹೊಸ ಶೆಡ್ ಕಟ್ಟುತ್ತಿರುವವರಿಗೆ ಹೋಗುತ್ತದೆ.